ಶೇಕಡಾ ನೂರು ಮತದ ಅಧ್ಯಕ್ಷರು

ಕ್ಲಬ್ಬಿನ ಚುನಾವಣೆಗೆ ಪ್ರತಿ ವರ್ಷ ನೂರ ಅರವತ್ತು ಡಾಲರ್ ಖರ್ಚು. ಮತಪತ್ರ ಮನೆಗೆ ಕಳಿಸಲು ಒಂದು ಅಂಚೆ ಚೀಟಿ, ಅದು ವಾಪಸ್ ಬರಲು ಇನ್ನೊಂದು, ಲಕೋಟೆ ಎರಡು, ಮುದ್ರಣ ಬೇರೆ. ಮೂವತ್ತೆಂಟು ಸದಸ್ಯರಿಗೆ ಗುಣಿಸಿದರೆ ಅಷ್ಟಾಗುತ್ತದೆ. ಅದರ ಬದಲು ಸಿಡ್ನಿಯಲ್ಲಿ ಒಂದು ಸರ್ವರನ್ನು ಬಾಡಿಗೆಗೆ ಹಿಡಿದರೆ ತಿಂಗಳಿಗೆ ಆರು ಡಾಲರ್. ಜಾವಾಸ್ಕ್ರಿಪ್ಟಿನಲ್ಲಿ ಬರೆದ ಮತದಾನದ ಪುಟಕ್ಕೆ ಖರ್ಚೇ ಇಲ್ಲ, ಏಕೆಂದರೆ ಅದನ್ನು ಬರೆಯುವವನು ಕ್ಲೆಮ್ ಹ್ಯಾಡ್ರಿಲ್, ಮತ್ತು ಕ್ಲೆಮ್ ಬರೆದದ್ದಕ್ಕೆ ಇದುವರೆಗೆ ಯಾರೂ ದುಡ್ಡು ಕೊಟ್ಟಿಲ್ಲ.

ಈ ಲೆಕ್ಕವನ್ನು ಏಪ್ರಿಲ್ ಸಭೆಯಲ್ಲಿ ಮಂಡಿಸಿದವನೂ ಕ್ಲೆಮ್ಮೇ. ಕಡಲತೀರದ ನಮ್ಮೂರು ಹೆರಿಕ್ ಕೋವ್‌ನಲ್ಲಿ ಅವನಿಗೆ ಬಹಳ ಕಾಲ ಟೈರು ಅಂಗಡಿ ಇತ್ತು. ಅಂಗಡಿ ಮಾರಿದ ಮೇಲೆ ಗ್ರಂಥಾಲಯದಲ್ಲಿ ಹಿರಿಯರಿಗಾಗಿ ನಡೆಸಿದ ಕಂಪ್ಯೂಟರ್ ತರಗತಿಗೆ ಒಂದು ಚಳಿಗಾಲ ಹೋದ, ವಸಂತ ಬರುವಷ್ಟರಲ್ಲಿ ತನ್ನನ್ನು ಡೆವಲಪರ್ ಎಂದು ಕರೆದುಕೊಳ್ಳತೊಡಗಿದ. ಟೈರು ಬದಲಿಸಿಕೊಡು ಎಂದು ಯಾರಾದರೂ ಹಳೆಯ ಗಿರಾಕಿ ಕೇಳಿದರೆ, "ಈಗ ನಾನು ಆ ಲೈನಲ್ಲಿಲ್ಲ ಮಾರಾಯ" ಎನ್ನುತ್ತಾನೆ, ಆಮೇಲೆ ಬಂದು ಬದಲಿಸಿಯೂ ಕೊಡುತ್ತಾನೆ. ಒಳ್ಳೆಯ ಮನುಷ್ಯ.

ನಾನು ಐವಿ. ಕ್ಲಬ್ಬಿನ ಅಡುಗೆಮನೆ ನೋಡಿಕೊಳ್ಳುತ್ತೇನೆ, ಮತ ಎಣಿಸುವವಳೂ ನಾನೇ. ಹುಲ್ಲಿನ ಮೇಲೆ ಭಾರದ ಚೆಂಡು ಉರುಳಿಸುವ ಆಟ ನಮ್ಮದು. ನನ್ನ ಗಂಡ ತೀರಿಕೊಂಡ ಮೇಲೆ ನನಗೆ ನಾಲ್ಕು ಜನರ ಮುಖ ಕಾಣುವುದು ಆ ಹುಲ್ಲಿನ ಅಂಕಣದ ಪಕ್ಕದಲ್ಲೇ. ಹಾಗಾಗಿ ಈ ವರ್ಷದ ಚುನಾವಣೆ ನನಗೆ ಹುಡುಗಾಟವಾಗಿರಲಿಲ್ಲ. ಅಂಕಣ ಇರುವುದು ಊರಿನ ಆಡಳಿತ ನಡೆಸುವ ಕೌನ್ಸಿಲಿನ ಜಾಗದಲ್ಲಿ, ಮೇ ತಿಂಗಳಿಗೆ ಗುತ್ತಿಗೆ ಮುಗಿಯುತ್ತಿತ್ತು. ವಾರ್ಷಿಕ ಸಭೆಯ ದಿನ ಸದಸ್ಯರು ಆರಿಸಿದ ಹೊಸ ಅಧ್ಯಕ್ಷರು ಸಹಿ ಹಾಕಿದರೆ ಇನ್ನು ಹತ್ತು ವರ್ಷ ನಮ್ಮದು. ಹಾಕದಿದ್ದರೆ ಹುಲ್ಲು ಕಿತ್ತು ಡಾಂಬರು ಹಾಕಿ, ಬೇಸಿಗೆಯಲ್ಲಿ ಬರುವ ಪ್ರವಾಸಿಗರ ಕ್ಯಾರವಾನ್ ಗಾಡಿಗಳನ್ನು ಅಲ್ಲಿ ನಿಲ್ಲಿಸುತ್ತೇವೆ ಎಂದು ಕೌನ್ಸಿಲು ಮೊದಲೇ ತಿಳಿಸಿತ್ತು.

ಒಂಬತ್ತು ವರ್ಷದಿಂದ ಅಧ್ಯಕ್ಷನಾಗಿದ್ದ ಅಥೊಲ್ ವಿಕರಿ ಆ ಏಪ್ರಿಲ್ ಸಭೆಯಲ್ಲಿ ಎದ್ದು, "ನನಗೆ ಸಾಕಾಯ್ತಪ್ಪ. ಮೊಣಕಾಲು ನೋವು. ಹೊಸಬರು ಬರಲಿ" ಎಂದ.

"ಹಾಗಾದ್ರೆ ನೀನು ನಿಂತ್ಕೋ ಗಾರ್ತ್," ಎಂದಳು ಥೆಲ್ಮಾ. ಅವಳು ನಿವೃತ್ತ ನರ್ಸು. ಊರಿನಲ್ಲಿ ಅವಳ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳದವರಿಲ್ಲ.

ಗಾರ್ತ್ ಪೈಬಸ್ ಮಾಂಸದಂಗಡಿಯವನು. ಎರಡೂ ಕೈ ಎತ್ತಿಬಿಟ್ಟ. "ಅಯ್ಯೋ, ನಾನಾ? ನನಗ್ಯಾಕಪ್ಪ ಅದೆಲ್ಲ. ನೀನೇ ಆಗು ಥೆಲ್ಮಾ."

"ನನ್ನನ್ನ ಬಿಟ್ಬಿಡು. ನಾನು ಹಿಂದಿನ ಸಾಲಲ್ಲಿ ಕೂತ್ಕೊಂಡು ಹೆಣೆಯೋಳು."

ಇದು ನಮ್ಮೂರಿನ ಪದ್ಧತಿ. ಸಾಲ ತೀರಿಸದವನನ್ನು ಇಲ್ಲಿ ಕ್ಷಮಿಸುತ್ತಾರೆ, ತನ್ನ ತಲೆ ತಾನೇ ಎತ್ತಿ ತೋರಿಸಿದವನನ್ನು ಮೊಮ್ಮಕ್ಕಳ ಕಾಲದವರೆಗೆ ಆಡಿಕೊಳ್ಳುತ್ತಾರೆ. ಆದ್ದರಿಂದ ಯಾರೂ ಅಭ್ಯರ್ಥಿಯಾಗುವುದಿಲ್ಲ. ಮೂವತ್ತೆಂಟು ಸದಸ್ಯರ ಹೆಸರನ್ನೂ ಮತಪತ್ರದಲ್ಲಿ ಹಾಕುತ್ತೇವೆ, ಯಾರಿಗೆ ಹೆಚ್ಚು ಬಂತೋ ಅವರು ತುಂಬ ಬೇಸರ ಮಾಡಿಕೊಂಡು ಒಪ್ಪಿಕೊಳ್ಳುತ್ತಾರೆ. ಎಣಿಸುವವಳಾದ ನನಗೆ ಒಂದು ವಿಷಯ ಗೊತ್ತಿತ್ತು. ಪ್ರತಿ ವರ್ಷ ಹತ್ತು ಹದಿನೈದು ಹೆಸರಿಗೆ ಒಂದೊಂದೇ ಮತ ಬಿದ್ದಿರುತ್ತಿತ್ತು. ಆ ಒಂದು ಮತ ಯಾರದೆಂದು ತಿಳಿಯಲು ಪೊಲೀಸರು ಬೇಕಿಲ್ಲ. ನಾನು ಗೆದ್ದವರ ಹೆಸರು ಮಾತ್ರ ಓದಿ, ಉಳಿದ ಕಾಗದವನ್ನೆಲ್ಲ ಒಲೆಗೆ ಹಾಕಿ, ಅದರ ಮೇಲೆ ಚಹಾ ಕಾಯಿಸುತ್ತಿದ್ದೆ.

ಕ್ಲೆಮ್ಮಿನ ಪ್ರಸ್ತಾಪ ಪಾಸಾಯಿತು. ಅಥೊಲ್ ಒಂದೇ ಷರತ್ತು ಹಾಕಿದ. "ಯಾರ್ಯಾರಿಗೆ ಎಷ್ಟೆಷ್ಟು ಅಂತ ತೋರಿಸ್ಬೇಡ. ಸೊನ್ನೆ ಬಂದೋರಿಗೆ ನೋವಾಗುತ್ತೆ."

"ಮುಂದಿರೋರ ಹೆಸರು, ಶೇಕಡಾ ಎಷ್ಟು, ಅಷ್ಟೇ ತೋರಿಸ್ತೀನಿ," ಎಂದ ಕ್ಲೆಮ್.

"ಅಷ್ಟೇ ಸಾಕು."

ಒಬ್ಬನೇ ಒಬ್ಬ ವಿರೋಧಿಸಿದ. ಅವನು ಡಾರ್ಸಿ. ಆಟಕ್ಕೂ ತಡ, ಸಭೆಗೂ ತಡ. ದೇಶದ ಚುನಾವಣೆಗೆ ಮಾತ್ರ ಸರಿಯಾದ ಹೊತ್ತಿಗೆ ಹೋಗುತ್ತಾನೆ, ಹೋಗದಿದ್ದರೆ ದಂಡ ಬೀಳುತ್ತದೆ ಎಂದು. "ಸಾಸೇಜ್ ಸುಡದೇ ಇರೋ ಮತದಾನ ಯಾವ ಸೀಮೆ ಮತದಾನ? ಮತಗಟ್ಟೆ ಅಂದ್ಮೇಲೆ ಬಾಗಿಲಲ್ಲಿ ಸಾಸೇಜ್ ಇರ್ಬೇಕು. ಫೋನಿನ ಬಾಗಿಲಲ್ಲಿ ಎಲ್ಲಿ ಸುಡ್ತೀರಾ?" ಅವನ ಮಾತಿನಲ್ಲೂ ನ್ಯಾಯವಿತ್ತು, ನಮ್ಮ ದೇಶದಲ್ಲಿ ಮತಗಟ್ಟೆಯ ಬಾಗಿಲಲ್ಲಿ ಮಾಂಸದ ಸಾಸೇಜ್ ಸುಟ್ಟು ಮಾರುವುದು ರೂಢಿ. ವಾರ್ಷಿಕ ಸಭೆಯ ದಿನವೇ ಸಾಸೇಜ್ ಸುಡುವುದು, ಸುಡುವವನು ಡಾರ್ಸಿಯೇ, ಎಂದು ತೀರ್ಮಾನವಾಯಿತು.

ಕ್ಲೆಮ್ ಪುಟ ಬರೆದು ಮುಗಿಸಿ, ಪರೀಕ್ಷೆ ನೋಡಲು ನನ್ನನ್ನು ಮನೆಗೆ ಕರೆದ. ಊಟದ ಮೇಜಿನ ಮೇಲೆ ಅವನ ಕಂಪ್ಯೂಟರು. ಅವನ ಹೆಂಡತಿ ಮರ್ಲ್ ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದಳು.

"ನೋಡು ಐವಿ. ಸದಸ್ಯತ್ವದ ನಂಬರ್ ಒತ್ತು, ಹೆಸರು ಆರಿಸು, ಮುಗೀತು." ಅವನು ತಾನೇ ಮೂವತ್ತೆಂಟು ನಂಬರನ್ನೂ ಒತ್ತಿ, ಮೂವತ್ತೆಂಟು ಮತ ಹಾಕಿ ತೋರಿಸಿದ. ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಎಲ್ಲ ಅಳಿಸಿ ಇನ್ನೊಮ್ಮೆ ಹಾಕಿದ. ಆಗಲೂ ತಪ್ಪಲಿಲ್ಲ. ಅವನ್ನೂ ಅಳಿಸಿದ.

"ಮತ ಎಲ್ಲಿ ಹೋಗಿ ಬೀಳುತ್ತೆ?" ಎಂದು ಕೇಳಿದೆ. ಎಣಿಸುವವರು ಕೇಳಬೇಕಾದ ಪ್ರಶ್ನೆ ಅದು.

"ಉಳಿಸು ಅಂತ ಬರ್ದಿದೀನಲ್ಲ. ಉಳಿಯುತ್ತೆ."

"ಎಲ್ಲಿ?"

"ಒಳಗೆ," ಎಂದ ಕ್ಲೆಮ್, ನಾನು ಟೈರಿನಲ್ಲಿ ಗಾಳಿ ಎಲ್ಲಿರುತ್ತದೆ ಎಂದು ಕೇಳಿದೆನೋ ಎಂಬಂತೆ.

ಮಾರನೆಯ ದಿನ ಕಡತಗಳನ್ನೆಲ್ಲ ಸಿಡ್ನಿಯ ಸರ್ವರಿಗೆ ಏರಿಸಿ ಎಲ್ಲರಿಗೂ ವಿಳಾಸ ಕಳಿಸಿದ. ಹತ್ತು ಗಂಟೆಗೆ ಗಾರ್ತ್ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಮುಖ ಕೆಂಪಾಗಿತ್ತು.

"ಐವಿ, ಮತದಾನ ಶುರುವಾಯ್ತಾ?"

"ಇವತ್ತಿಂದ."

"ಮುಗಿದೂ ಹೋಯ್ತಾ?"

ಫೋನು ತೋರಿಸಿದ. ಅದರಲ್ಲಿ ದಪ್ಪ ಅಕ್ಷರದಲ್ಲಿ 'ಅಭಿನಂದನೆಗಳು!' ಎಂದಿತ್ತು. ಕೆಳಗೆ ಸಣ್ಣದಾಗಿ, ನಿಮ್ಮ ಸರ್ವರ್ ಸರಿಯಾಗಿ ಕೆಲಸ ಮಾಡುತ್ತಿದೆ, ಇನ್ನು ನಿಮ್ಮ ಪುಟಗಳನ್ನು ಇಲ್ಲಿ ಇಡಬಹುದು ಎಂದಿತ್ತು. ಗಾರ್ತ್ ಸಣ್ಣ ಅಕ್ಷರ ಓದಿರಲಿಲ್ಲ. ಮಧ್ಯಾಹ್ನದೊಳಗೆ ಇನ್ನೂ ಐದಾರು ಜನ, ಒಬ್ಬರಿಗೊಬ್ಬರು ಕಾಣದ ಹಾಗೆ ಹಿಂದಿನ ಬಾಗಿಲಿನಿಂದ ಬಂದು, ಇದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿ ಹೋದರು. ಕ್ಲೆಮ್ ತನ್ನ ಕಡತಗಳನ್ನು ಸರ್ವರಿನ ತಪ್ಪು ಫೋಲ್ಡರಿನಲ್ಲಿ ಇಟ್ಟುಬಿಟ್ಟಿದ್ದ. ಸರ್ವರು ಅವನ ಪುಟ ಕಾಣದೆ, ತನ್ನದೇ ಶುಭಾಶಯ ಪತ್ರವನ್ನು ಬಂದವರಿಗೆಲ್ಲ ಹಂಚುತ್ತಿತ್ತು. ಸಂಜೆ ಹೊತ್ತಿಗೆ ಸರಿಯಾದ ಫೋಲ್ಡರಿಗೆ ಸಾಗಿಸಿದ. ಪುಟ ಎಲ್ಲರ ಫೋನಿನಲ್ಲೂ ಲಕ್ಷಣವಾಗಿ ತೆರೆಯಿತು.

ನಾನು ಥೆಲ್ಮಾಗೆ ಮತ ಹಾಕಿದೆ. 'ಮುಂದಿರುವವರು: ಥೆಲ್ಮಾ ಗೋರಿಂಗ್, ಶೇಕಡಾ 100' ಎಂದು ಬಂತು. ನಾನು ಮೊದಲಿಗಳು ಅಂದುಕೊಂಡೆ. ಮೂರು ದಿನ ಬಿಟ್ಟು ನೋಡಿದರೂ ಥೆಲ್ಮಾಗೆ ನೂರಕ್ಕೆ ನೂರು. ಸ್ವಲ್ಪ ಅನುಮಾನವಾಯಿತು. ಆದರೆ ನಮ್ಮ ಅಭಿಪ್ರಾಯವೇ ಊರಿನ ಅಭಿಪ್ರಾಯವೂ ಆದಾಗ ಜನಕ್ಕೆ ಬುದ್ಧಿ ಬಂತು ಎನಿಸುತ್ತದೆಯೇ ಹೊರತು ಲೆಕ್ಕ ತಪ್ಪಿರಬಹುದು ಎನಿಸುವುದಿಲ್ಲ.

ಆ ವಾರ ಕ್ಲಬ್ಬಿನಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ಒಳ್ಳೆಯವರಾದರು. ಗಾರ್ತ್ ಎರಡು ತಟ್ಟೆ ಕುರಿಮಾಂಸದ ಚಾಪ್ಸ್ ತಂದು ಕೊಟ್ಟ. "ಏನು ವಿಶೇಷ?" ಎಂದರೆ, "ಏನಿಲ್ಲ ಐವಿ. ಜನ ನಮಗೆ ಇಷ್ಟು ಮಾಡ್ತಾರೆ, ನಾವೂ ಏನಾದ್ರೂ ಮಾಡ್ಬೇಕಲ್ವಾ," ಎಂದು ಕಣ್ಣು ಒದ್ದೆ ಮಾಡಿಕೊಂಡ. ಥೆಲ್ಮಾ ಲಾನ್ಸೆಸ್ಟನ್ ಪೇಟೆಗೆ ಹೋಗಿ ಹೊಸ ಬಿಳಿ ಕೋಟು ತಂದಳು. ಮೊಣಕಾಲು ನೋವಿನ ಅಥೊಲ್ ತನ್ನ ಮೇಜು ಖಾಲಿ ಮಾಡುವುದನ್ನು ನಿಲ್ಲಿಸಿದ. ಕಟ್ಟಿಟ್ಟಿದ್ದ ಪೆಟ್ಟಿಗೆ ಬಿಚ್ಚಿ, ಕಪ್ಪು ಕಾಫಿ ಮಗ್ಗು ಮತ್ತೆ ಅದೇ ಜಾಗದಲ್ಲಿ ಇಟ್ಟ.

"ಬಿಡ್ತೀನಿ ಅಂದಿದ್ದೆಯಲ್ಲ?" ಎಂದೆ.

"ನಾನು ಬಿಟ್ರೂ ಜನ ಬಿಡ್ಬೇಕಲ್ಲ ಐವಿ."

ಅಧ್ಯಕ್ಷರ ಹೆಸರನ್ನು ನಮ್ಮಲ್ಲಿ ಮರದ ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಬರೆಸುತ್ತಾರೆ. ಬರೆಯುವ ಪೇಂಟರ್ ನನಗೆ ಬೇಕರಿಯಲ್ಲಿ ಸಿಕ್ಕ. "ಏನಮ್ಮಾ ನಿಮ್ಮ ಕ್ಲಬ್ಬಿನ ಕಥೆ? ಈ ವಾರ ಏಳು ಜನ ಫೋನ್ ಮಾಡಿದ್ರು. 'ಸುಮ್ನೆ ಕೇಳ್ತಿದೀನಿ, ಒಂದು ಹೆಸರು ಬರೆಯೋಕೆ ಎಷ್ಟು ಹೊತ್ತು ಬೇಕು?' ಅಂತ. ಏಳೂ ಜನ ಸುಮ್ನೆ ಕೇಳಿದ್ದು!"

ಮನುಷ್ಯ ತನಗೆ ಶೇಕಡಾ ಹತ್ತು ಬಂದರೆ ಎಣಿಕೆ ಸರಿಯಿದೆಯೇ ಎಂದು ಕೇಳುತ್ತಾನೆ. ನೂರು ಬಂದರೆ ಕೇಳುವುದಿಲ್ಲ. ಜೊತೆಗೆ ನಮ್ಮೂರಿನಲ್ಲಿ ಗೆದ್ದೆ ಎಂದು ಬಾಯಿಬಿಡುವ ಹಾಗಿಲ್ಲ. ಎಲ್ಲರೂ ಹೊಟ್ಟೆಯೊಳಗೆ ಇಟ್ಟುಕೊಂಡು ಒಬ್ಬರಿಗೊಬ್ಬರು ಕರುಣೆಯಿಂದ ನಗುತ್ತ ಓಡಾಡಿದರು. ಅಂಕಣದ ಪಕ್ಕದ ಬೆಂಚಿನಲ್ಲಿ ಗಾರ್ತ್ ಅಥೊಲ್ಲಿನ ಭುಜ ತಟ್ಟಿ, "ನೀನು ಮಾಡಿದ ಕೆಲಸ ಯಾರೂ ಮರೆಯಲ್ಲ ಕಣೋ," ಎಂದ. ಅಥೊಲ್ ಗಾರ್ತಿನ ಕೈ ಹಿಡಿದು, "ನಿನ್ನ ಕಾಲಾನೂ ಬರುತ್ತೆ, ಬೇಜಾರು ಮಾಡ್ಕೋಬೇಡ," ಎಂದ.

ಸುಖವಿಲ್ಲದವನು ಕ್ಲೆಮ್ ಒಬ್ಬನೇ. ಮುಖ ಇಳಿಸಿಕೊಂಡು ಬಂದು ಚಹಾ ಕೇಳಿದ.

"ಜೋರು ಪೈಪೋಟಿ ಐವಿ. ಯಾರಿಗೂ ಹೇಳ್ಬೇಡ. ನನಗೆ ಐವತ್ತು, ಗಾರ್ತ್‌ಗೆ ಐವತ್ತು. ವಾರದಿಂದ ಒಂದು ಚೂರೂ ಅಲುಗಾಡ್ತಿಲ್ಲ."

"ನಿನಗಾ? ಅದರಲ್ಲಿ ನಿನ್ನ ಮತವೂ ಇದೆಯಾ?"

ಕ್ಲೆಮ್ ಚಹಾದಲ್ಲಿ ಸಕ್ಕರೆ ಕದಡಿದ. ಅವನು ಸಕ್ಕರೆ ಹಾಕಿಕೊಳ್ಳುವವನಲ್ಲ. "ಊರಲ್ಲಿ ಅರ್ಧ ಜನ ಅವನ ಕಡೆ ಇದಾರೆ ಅಂತ ನನಗೆ ಗೊತ್ತಿರ್ಲಿಲ್ಲ," ಎಂದು ಎದ್ದು ಹೋದ. ನನ್ನ ಫೋನಿನಲ್ಲಿ ಥೆಲ್ಮಾ, ಅವನ ಕಂಪ್ಯೂಟರಿನಲ್ಲಿ ಇವರಿಬ್ಬರು. ಇದು ಸರಿಯಿಲ್ಲ ಎಂದು ಆಗ ನನಗೆ ಖಾತ್ರಿಯಾಯಿತು. ಆದರೆ ಅಂದೇ ಸಭೆಯ ದಿನ, ಹೊರಗೆ ಡಾರ್ಸಿ ಒಲೆ ಹೊತ್ತಿಸಿ ಈರುಳ್ಳಿ ಹೆಚ್ಚುತ್ತಿದ್ದ.

ಕೌನ್ಸಿಲಿನಿಂದ ಶೋನಾ ಕಿಲ್ಬಿ ಎಂಬ ಅಧಿಕಾರಿ ಬಂದಿದ್ದಳು. ಗುತ್ತಿಗೆ ಪತ್ರ ಮೇಜಿನ ಮೇಲೆ, ಅದರ ಮೇಲೆ ಪೆನ್ನು. "ನಾನು ಹೆಚ್ಚು ಹೊತ್ತು ಕೂರಲ್ಲ. ನೀವು ಆರಿಸಿದ ಅಧ್ಯಕ್ಷರು ಸಹಿ ಹಾಕಿದ್ರೆ ಹೊರಡ್ತೀನಿ. ಹಾಕದೇ ಇದ್ರೆ ನಾಳೆ ಬೆಳಿಗ್ಗೆ ಡಾಂಬರಿನವರಿಗೆ ಹೇಳ್ಬೇಕಾಗುತ್ತೆ. ನನ್ನ ಇಷ್ಟ ಅಲ್ಲ ಅದು, ನಿರ್ಣಯ ಹಾಗಿದೆ."

ನಾನು ಕ್ಲೆಮ್ಮಿನ ಕಡೆ ಓಡಿದೆ. ತಡವಾಗಿತ್ತು. ಅವನು ಕೂತಲ್ಲೇ ಮೈಕು ಹಿಡಿದುಬಿಟ್ಟಿದ್ದ.

"ಫಲಿತಾಂಶ ನೀವೆಲ್ಲ ನಿಮ್ಮ ನಿಮ್ಮ ಫೋನಲ್ಲೇ ನೋಡಿದೀರಿ. ಮತ್ತೆ ಓದಿ ಯಾರ ಮನಸ್ಸೂ ನೋಯಿಸೋದು ಬೇಡ. ಹೊಸ ಅಧ್ಯಕ್ಷರು ದಯವಿಟ್ಟು ಮುಂದೆ ಬರಬೇಕು."

ಏಳು ಜನ ಎದ್ದರು.

ಕ್ಲೆಮ್ ಅರ್ಧ ಎದ್ದ. ಅವನಿಗಿದ್ದುದು ಶೇಕಡಾ ಐವತ್ತೇ.

ಮೊದಮೊದಲು ಏನೂ ಆಗಲಿಲ್ಲ, ಏಕೆಂದರೆ ಪ್ರತಿಯೊಬ್ಬರೂ ಉಳಿದವರು ತಮ್ಮ ಗೌರವಕ್ಕಾಗಿ ಎದ್ದಿದ್ದಾರೆ ಎಂದೇ ತಿಳಿದರು. "ಕೂತ್ಕೊಳ್ಳಿ ಕೂತ್ಕೊಳ್ಳಿ," ಎಂದಳು ಥೆಲ್ಮಾ, ಹೊಸ ಕೋಟಿನ ಗುಂಡಿ ಹಾಕುತ್ತ. "ಅಯ್ಯೋ, ಇಷ್ಟೆಲ್ಲ ಬೇಡ, ಕೂತ್ಕೊಳ್ಳಿ," ಎಂದ ಗಾರ್ತ್. ಏಳೂ ಜನ ಒಬ್ಬರಿಗೊಬ್ಬರು ಕೈ ಕುಲುಕಿ, ಒಬ್ಬರಿಗೊಬ್ಬರು ಧನ್ಯವಾದ ಹೇಳುತ್ತ ಮೇಜಿನ ಹತ್ತಿರ ಬಂದರು. ಪೆನ್ನಿಗೆ ಮೂರು ಕೈ ಒಟ್ಟಿಗೆ ಹೋಯಿತು.

"ಏನ್ ಅಥೊಲ್, ನೀನ್ಯಾಕೆ?" ಎಂದ ಗಾರ್ತ್.

"ಯಾಕೆ ಅಂದ್ರೆ? ಜನ ಕೇಳ್ಕೊಂಡಿದಾರೆ."

"ಯಾವ ಜನ?"

"ಶೇಕಡಾ ನೂರು ಜನ!" ಅಥೊಲ್ ಫೋನು ತೆಗೆದು ಮೇಜಿನ ಮೇಲೆ ಇಟ್ಟ. ಗಾರ್ತ್ ತನ್ನದನ್ನು ಅದರ ಪಕ್ಕದಲ್ಲಿಟ್ಟ. ಥೆಲ್ಮಾ ತನ್ನದನ್ನು. "ಚಹಾ ಆಯ್ತು, ಬನ್ನಿ, ಮೊದಲು ಚಹಾ!" ಎಂದು ನಾನು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಏಳು ಫೋನು ಸಾಲಾಗಿ ನಿಂತವು. ಒಂದೊಂದರಲ್ಲೂ ಒಡೆಯರ ಹೆಸರು, ಒಂದೊಂದರಲ್ಲೂ ಶೇಕಡಾ ನೂರು. ಸಭೆಯಲ್ಲಿದ್ದವರೆಲ್ಲ ಮೇಜಿನ ಸುತ್ತ ಮುಗಿಬಿದ್ದು ನೋಡಿದರು.

ಶೋನಾ ಒಂದು ಫೋನು ಎತ್ತಿ ಏನೇನೋ ಒತ್ತಿ ನೋಡಿದಳು. ಕೌನ್ಸಿಲಿನ ಜಾಲತಾಣ ನೋಡಿಕೊಳ್ಳುವವಳೂ ಅವಳೇ ಅಂತೆ. "ಈ ಪುಟ ಬರ್ದೋರು ಯಾರು?"

ಕ್ಲೆಮ್ ಕೈ ಎತ್ತಿದ.

"ಮತ ಸರ್ವರಿಗೆ ಹೋಗ್ತಾನೇ ಇಲ್ಲ ಕ್ಲೆಮ್. ಸರ್ವರ್ ಇಲ್ಲಿ ಪ್ರಿಂಟಿಂಗ್ ಪ್ರೆಸ್ ಇದ್ದ ಹಾಗೆ. ಎಲ್ಲರ ಮನೆಗೂ ಒಂದೊಂದು ಮತಪತ್ರ ಕಳಿಸ್ತು, ಅಲ್ಲಿಗೆ ಅದರ ಕೆಲಸ ಮುಗೀತು. ವಾಪಸ್ ತರೋ ವ್ಯವಸ್ಥೆ ನೀವು ಮಾಡೇ ಇಲ್ಲ. ಅವರವರು ಒತ್ತಿದ ಮತ ಅವರವರ ಫೋನಿನ ಬ್ರೌಸರಲ್ಲೇ ಕೂತಿದೆ."

"ಉಳಿಸು ಅಂತ ಬರ್ದಿದ್ದೆ," ಎಂದ ಕ್ಲೆಮ್ ಸಣ್ಣ ದನಿಯಲ್ಲಿ. "ನನ್ನ ಕಂಪ್ಯೂಟರಲ್ಲಿ ಮೂವತ್ತೆಂಟೂ ಸರಿಯಾಗಿ ಬಂತು."

"ಮೂವತ್ತೆಂಟನ್ನೂ ನೀವು ಒಂದೇ ಕಂಪ್ಯೂಟರಲ್ಲಿ ಹಾಕಿದ್ರಿ. ಅದು ಉಳಿಸಿದೆ, ಪಾಪ. ಅಲ್ಲೇ ಉಳಿಸಿದೆ. ಒಬ್ಬೊಬ್ಬರ ಫೋನೂ ಅವರೊಬ್ಬರ ಮತವನ್ನೇ ಎಣಿಸಿ ಅವರಿಗೇ ತೋರಿಸಿದೆ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ಏಳು ಕೈಗಳು ಏಳು ಫೋನುಗಳ ಮೇಲೆ ಬಿದ್ದವು. ಕ್ಲೆಮ್ ಮಾತ್ರ ಅಲ್ಲಾಡದೆ ನಿಂತು ತುಟಿಯಲ್ಲೇ ಲೆಕ್ಕ ಹಾಕುತ್ತಿದ್ದ. ಅವನ ಮನೆಯ ಕಂಪ್ಯೂಟರಿನಲ್ಲಿ ಮತ ಹಾಕಿದವರು ಇಬ್ಬರೇ. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"ಮರ್ಲ್. ಗಾರ್ತ್‌ಗೆ?"

"ನೀನು ಅಧ್ಯಕ್ಷ ಆಗ್ಬಿಟ್ರೆ ಮನೆ ಸೂರಿನ ಮಳೆನೀರಿನ ದೋಣಿ ಯಾರು ಸ್ವಚ್ಛ ಮಾಡೋರು?" ಎಂದಳು ಮರ್ಲ್. "ಎರಡು ವರ್ಷದಿಂದ ನೀರು ಗೋಡೆ ಮೇಲೆ ಇಳೀತಿದೆ. ಆದ್ರೆ ಇನ್ನರ್ಧ ನಿನಗೆ ಹಾಕಿದ್ದು ಯಾರು ಕ್ಲೆಮ್?"

ಕ್ಲೆಮ್ ಕೂತ.

ಶೋನಾ ಗಡಿಯಾರ ನೋಡಿದಳು. "ಇಲ್ಲೇ ಕೈ ಎತ್ತಿ ಆರಿಸಿದ್ರೂ ಕಾನೂನಿಗೆ ಸಾಕು. ಯಾರಾದ್ರೂ ಒಬ್ಬರು ಒಪ್ಕೊಳ್ಳಿ."

ಒಪ್ಪುವವರು ಯಾರು? ಗಾರ್ತ್ ತನ್ನ ಹೆಸರನ್ನು ಬರೀ ಪರೀಕ್ಷೆಗೆ ಒತ್ತಿ ನೋಡಿದ್ದು ಎಂದ. ಥೆಲ್ಮಾ ಆ ದಿನ ಕನ್ನಡಕ ಹಾಕಿರಲಿಲ್ಲ. ಅಥೊಲ್ಲಿನ ಹೆಬ್ಬೆರಳು ದಪ್ಪ, ಅಕ್ಷರ ಸಣ್ಣ. ಉಳಿದ ನಾಲ್ವರೂ ಬೆಕ್ಕು, ಮೊಮ್ಮಗು ಇತ್ಯಾದಿಗಳ ಮೇಲೆ ಹಾಕಿದರು. ಈಗ ಯಾರಾದರೂ ಪೆನ್ನು ಮುಟ್ಟಿದರೆ ಆಸೆಯಿತ್ತು ಎಂದು ಒಪ್ಪಿಕೊಂಡಂತೆ. ಎದ್ದು ನಿಲ್ಲದವರ ಕಡೆ ನೋಡಿದೆ. ಅವರೂ ತಮ್ಮ ತಮ್ಮ ಫೋನನ್ನು ಜೇಬಿನ ಆಳಕ್ಕೆ ತಳ್ಳುತ್ತಿದ್ದರು.

"ನೀನು ಆಗು ಐವಿ," ಎಂದರು ಯಾರೋ.

"ಬೇಡ," ಎಂದ ಗಾರ್ತ್ ನೆಲ ನೋಡುತ್ತ. "ನನ್ನ ಫೋನ್ ನೋಡ್ದೋರ್ಯಾರೂ ಅಧ್ಯಕ್ಷರಾಗೋದು ಬೇಡ. ವರ್ಷಪೂರ್ತಿ ಅವರ ಮುಖ ನೋಡೋಕೆ ನನ್ನಿಂದಾಗಲ್ಲ." ಏಳು ಜನರಲ್ಲಿ ಉಳಿದ ಆರೂ ಜನ ಹೌದೆಂದು ತಲೆಯಾಡಿಸಿದರು. ಕ್ಲಬ್ಬಿನಲ್ಲಿ ಒಮ್ಮತ ಮೂಡಿದ್ದು ಅದೇ ಮೊದಲು, ಮತ್ತು ಆ ಒಮ್ಮತದಿಂದ ಅಂಕಣ ಕೈಬಿಟ್ಟು ಹೋಗುವುದರಲ್ಲಿತ್ತು. ಶೋನಾ ಪತ್ರ ಮಡಿಸತೊಡಗಿದಳು. ಕಿಟಕಿಯಾಚೆ ಹುಲ್ಲು ಸಂಜೆ ಬಿಸಿಲಿನಲ್ಲಿ ಮಲಗಿತ್ತು. 

ಆಗ ಬಾಗಿಲು ತೆರೆದು ಡಾರ್ಸಿ ತಲೆ ಒಳಹಾಕಿದ. ಕೈಯಲ್ಲಿ ಇಕ್ಕಳ, ಏಪ್ರನ್ನಿನ ತುಂಬ ಎಣ್ಣೆ. "ಈರುಳ್ಳಿ ಹಾಕ್ಲಾ, ಬೇಡ್ವಾ? ಆಗ್ಲಿಂದ ಕೂಗ್ತಿದೀನಿ, ಒಬ್ಬರೂ ಹೊರಗೆ ಬರ್ತಿಲ್ಲ."

"ಡಾರ್ಸಿ," ಎಂದೆ ನಾನು, "ಇಷ್ಟು ಹೊತ್ತು ಎಲ್ಲಿದ್ದೆ?"

"ಒಲೆ ಹತ್ರ. ಇನ್ನೆಲ್ಲಿರ್ಲಿ?"

"ಒಳಗೆ ಏನಾಯ್ತು ಅಂತ ಗೊತ್ತಾ?"

"ಏನಾಯ್ತು?"

"ಯಾರಿಗೆ ಮತ ಹಾಕಿದೆ?"

"ನಾನ್ಯಾಕೆ ಹಾಕ್ಲಿ? ದಂಡ ಇದೆಯಾ?"

ನಾನು ಸಭೆಯ ಕಡೆ ತಿರುಗಿದೆ. ಇನ್ನೇನೂ ಹೇಳಬೇಕಾಗಲಿಲ್ಲ. ಅಥೊಲ್ಲಿನ ಕೈ ಮೊದಲು ಎದ್ದಿತು, ಆಮೇಲೆ ಗಾರ್ತಿನದು, ಥೆಲ್ಮಾಳದು, ಆಮೇಲೆ ಎಲ್ಲರದೂ. ಯಾರ ಫೋನನ್ನೂ ನೋಡದೆ, ಆಡಿಕೊಳ್ಳಲು ಏನೂ ಇಲ್ಲದವನು ಕ್ಲಬ್ಬಿನಲ್ಲಿ ಅವನೊಬ್ಬನೇ.

"ನೀವು ಒಪ್ತೀರಾ?" ಎಂದು ಕೇಳಿದಳು ಶೋನಾ.

"ಏನಕ್ಕೆ? ಬೇಗ ಹೇಳಮ್ಮಾ, ಅಲ್ಲಿ ಕರಕಲಾಗ್ತಿದೆ."

"ಅಧ್ಯಕ್ಷರಾಗೋದಕ್ಕೆ."

ಡಾರ್ಸಿ ನಮ್ಮನ್ನೆಲ್ಲ ಒಮ್ಮೆ ನೋಡಿದ. "ಒಪ್ಪದೇ ಇದ್ರೆ ದಂಡ ಬೀಳುತ್ತಾ?"

"ಬೀಳುತ್ತೆ," ಎಂದೆ ನಾನು.

ಅವನು ಇಕ್ಕಳವನ್ನು ಎಡಗೈಗೆ ಬದಲಾಯಿಸಿ ಸಹಿ ಹಾಕಿದ. ಪತ್ರದ ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಎಣ್ಣೆ ಕಲೆಯಾಯಿತು. ಶೋನಾ ಅದನ್ನು ಒರೆಸಿ, ಪತ್ರವನ್ನು ಚೀಲಕ್ಕೆ ಹಾಕಿಕೊಂಡು, ಹೋಗುವಾಗ ಎರಡು ಸಾಸೇಜ್ ತಿಂದು ಹೋದಳು.

ಕ್ಲೆಮ್ ಮರುದಿನ ಪುಟವನ್ನು ಸರ್ವರಿನಿಂದ ಅಳಿಸಿ, ಏಣಿ ಹಾಕಿ ಮನೆ ಸೂರಿಗೆ ಹತ್ತಿದ. ಡಾರ್ಸಿ ಸಭೆಗೆ ಈಗಲೂ ತಡವಾಗಿಯೇ ಬರುತ್ತಾನೆ. ತಾನು ಹೇಗೆ ಅಧ್ಯಕ್ಷನಾದೆ ಎಂದು ಕೇಳುತ್ತಾನೆ, ನಾವು ಮಾತು ತಪ್ಪಿಸುತ್ತೇವೆ. ಅಥೊಲ್ ಮತ್ತು ಗಾರ್ತ್ ಹದಿನಾಲ್ಕು ವರ್ಷ ಜೋಡಿಯಾಗಿ ಆಡಿ, ಎರಡು ಸಲ ಈ ಕರಾವಳಿಯ ಪಂದ್ಯ ಗೆದ್ದು ಪ್ರಶಸ್ತಿ ಫಲಕ ತಂದವರು. ಈಗ ಅಂಕಣದ ಎರಡು ತುದಿಯಲ್ಲಿ ಬೇರೆಯವರ ಜೊತೆ ಆಡುತ್ತಾರೆ, ಇಬ್ಬರೂ ಸೋಲುತ್ತಾರೆ. ಹುಲ್ಲು ನಮಗೆ ಹತ್ತು ವರ್ಷಕ್ಕೆ ಉಳಿಯಿತು. ಒಂದು ಒಳ್ಳೆಯ ಜೋಡಿ ಹೋಯಿತು.